ಕಾವ್ಯದಲ್ಲಿ ಕರಾಧಿಕಾರಿ: ಕ್ಷೇಮೇಂದ್ರ ಮತ್ತು ಕಲ್ಹಣ

೧

ಕರವು ರಾಜನಿಗೆ ಪ್ರಜಾರಕ್ಷಣೆಗಾಗಿ ಸಲ್ಲುವ ವೇತನವೆಂಬುದು ಧರ್ಮಶಾಸ್ತ್ರಕಾರರಲ್ಲಿ ಬಹುಮಟ್ಟಿಗೆ ನಿರ್ವಿವಾದವಾದ ಮತ. ರಾಜನು ಆರನೆಯ ಒಂದು ಪಾಲನ್ನು ಕೂಲಿಯಾಗಿ ಪಡೆದು ಪ್ರಜೆಗಳನ್ನು ಕಾಯತಕ್ಕವನೆಂದು ಬೌಧಾಯನನು ಸ್ಪಷ್ಟವಾಗಿಯೇ ವಿಧಿಸಿರುವನು. ಈ ಶಾಸ್ತ್ರಾರ್ಥವನ್ನು ಕವಿಗಳು ಉಪಮಾನಗಳ ಮೂಲಕ ಹೃದ್ಯವಾಗಿಸಿದರು. ರಘುವಂಶದ ಮೊದಲನೆಯ ಸರ್ಗದಲ್ಲಿ ಕಾಳಿದಾಸನು ದಿಲೀಪನ ಕರಗ್ರಹಣವನ್ನು ಸೂರ್ಯನ ಜಲಗ್ರಹಣಕ್ಕೆ ಹೋಲಿಸಿರುವುದು ಪ್ರಸಿದ್ಧವಾಗಿದೆ. ಮನುಸ್ಮೃತಿಯ ಏಳನೆಯ ಅಧ್ಯಾಯವು ಜಿಗಣೆ, ಕರು, ದುಂಬಿ ಇವು ಮೂರೂ ಸ್ವಲ್ಪಸ್ವಲ್ಪವಾಗಿಯೇ ಆಹಾರವನ್ನು ತೆಗೆದುಕೊಳ್ಳುವ ಕ್ರಮವನ್ನು ರಾಜನಿಗೆ ಆದರ್ಶವಾಗಿ ತೋರಿಸುತ್ತದೆ. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮನು ದುಂಬಿಯ ಜೊತೆಗೆ, ಮರಿಯನ್ನು ನೋಯಿಸದೆ ಬಾಯಲ್ಲಿ ಹಿಡಿದೊಯ್ಯುವ ಹೆಣ್ಣುಹುಲಿಯನ್ನೂ ಉದಾಹರಿಸುತ್ತಾನೆ.

ಈ ಉಪಮಾನಗಳ ಸೊಬಗು ಎಲ್ಲರೂ ಬಲ್ಲದ್ದು. ಆದರೆ ಇವೆಲ್ಲವುಗಳಲ್ಲಿಯೂ ಸಮಾನವಾಗಿ ಒಂದು ಅಂಶವು ಬಿಟ್ಟುಹೋಗಿರುವುದನ್ನು ವಿಮರ್ಶಕರು ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ. ಸೂರ್ಯನಿಗೂ ಭೂಮಿಗೂ ನಡುವೆ, ದುಂಬಿಗೂ ಹೂವಿಗೂ ನಡುವೆ, ಕರುವಿಗೂ ಕೆಚ್ಚಲಿಗೂ ನಡುವೆ ಮೂರನೆಯವನೆಂಬವನಿಲ್ಲ. ಸೂರ್ಯನು ತನ್ನ ಕಿರಣಗಳಿಂದಲೇ ನೀರನ್ನು ಹೀರುತ್ತಾನೆ. ‘ಕರ’ಶಬ್ದಕ್ಕೆ ಕಿರಣ, ಕೈ, ತೆರಿಗೆ ಎಂಬ ಮೂರು ಅರ್ಥಗಳೂ ಇರುವುದರಿಂದ ಕವಿಗಳಿಗೆ ಇಲ್ಲಿ ಶ್ಲೇಷವೂ ಸುಲಭವಾಗಿ ದೊರೆಯಿತು. ಲೋಕದಲ್ಲಾದರೋ ರಾಜನ ಕರವು ಬೇರೊಬ್ಬನ ಕರದ ಮೂಲಕವೇ ಬರತಕ್ಕದ್ದು. ಹೊಲವನ್ನು ಅಳೆಯುವವನು, ರಾಶಿಯನ್ನು ತೂಗುವವನು, ಲೆಕ್ಕವನ್ನು ಬರೆಯುವವನು, ಬಾಕಿಗಾಗಿ ಬಾಗಿಲಿಗೆ ಬರುವವನು, ಇವರಲ್ಲಿ ಒಬ್ಬನಿಗೂ ಆ ಉಪಮಾನಗಳಲ್ಲಿ ಸ್ಥಾನವಿಲ್ಲ. ಪ್ರಜೆಯು ತನ್ನ ಆಯುಷ್ಯದಲ್ಲಿ ರಾಜನನ್ನು ಒಮ್ಮೆಯೂ ಕಾಣದಿರಬಹುದು; ಈ ಮೂರನೆಯವನನ್ನಂತೂ ವರ್ಷವರ್ಷವೂ ಕಾಣಲೇಬೇಕು.

ಆದುದರಿಂದ ಕರಾಧಿಕಾರಿಯ ಚಿತ್ರವನ್ನು ಸಾಹಿತ್ಯವು ಯಾವಾಗ, ಹೇಗೆ, ಯಾವ ನ್ಯಾಯದಿಂದ ಬರೆಯಿತೆಂಬುದು ಅಲ್ಪಪ್ರಶ್ನೆಯಲ್ಲ. ಅಧಿಕಾರದ ದುರುಪಯೋಗವನ್ನು ಕಂಡ ಕವಿಯು ಅದರ ಹೊಣೆಯನ್ನು ಯಾರ ಮೇಲೆ ಇಡುತ್ತಾನೆ? ಕೈಯ ಮೇಲೋ, ಕೈಯನ್ನು ಚಾಚಿಸಿದವನ ಮೇಲೋ? ಕಾಶ್ಮೀರದ ಇಬ್ಬರು ಮಹಾಕವಿಗಳಾದ ಕ್ಷೇಮೇಂದ್ರ ಕಲ್ಹಣರು ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳನ್ನು ಕೊಟ್ಟಿರುವರು. ಅವುಗಳ ತಾರತಮ್ಯವೇ ಇಲ್ಲಿ ವಿಚಾರಣೀಯವಾದುದು.

೨

ಕಾವ್ಯಕ್ಕೆ ಮುಂಚೆ ಶಾಸ್ತ್ರವು ಈ ಮೂರನೆಯವನನ್ನು ಕಂಡಿತ್ತು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ರುದ್ರಪಟ್ಟಣದ ಶಾಮಾಶಾಸ್ತ್ರಿಗಳಿಂದ ಗುರುತಿಸಲ್ಪಟ್ಟು ೧೯೦೯ರಲ್ಲಿ ಮುದ್ರಿತವಾದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣವು ಈ ವಿಷಯದಲ್ಲಿ ಅತ್ಯಂತ ನಿಷ್ಠುರವಾದ ಗ್ರಂಥಭಾಗ. ಅಲ್ಲಿ ರಾಜದ್ರವ್ಯವನ್ನು ಅಪಹರಿಸುವ ನಲವತ್ತು ಉಪಾಯಗಳು ಪರಿಗಣಿತವಾಗಿವೆ. ನೀರಿನಲ್ಲಿ ಸಂಚರಿಸುವ ಮೀನು ನೀರು ಕುಡಿಯುವುದನ್ನು ಅರಿಯುವುದು ಹೇಗೆ ಅಸಾಧ್ಯವೋ, ಅರ್ಥಕಾರ್ಯದಲ್ಲಿ ನಿಯುಕ್ತರಾದವರ ಅಪಹಾರವನ್ನು ಅರಿಯುವುದೂ ಹಾಗೆಯೇ ಅಸಾಧ್ಯವೆಂಬ ದೃಷ್ಟಾಂತವೂ ಅಲ್ಲಿಯೇ ಇದೆ. ದುಂಬಿಯ ಉಪಮಾನವನ್ನೂ ಈ ಮೀನಿನ ಉಪಮಾನವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಂದು ರಾಜಧರ್ಮದ ಆದರ್ಶವನ್ನೂ ಮತ್ತೊಂದು ರಾಜಕಾರ್ಯದ ಅನುಭವವನ್ನೂ ಆಧರಿಸಿ ಹುಟ್ಟಿದುದೆಂದು ಗೊತ್ತಾಗುವುದು.

ಆದರೆ ಕೌಟಿಲ್ಯನ ಮಾತಿನಲ್ಲಿ ಕಳವಿಗಿಂತ ಮುಖ್ಯವಾದುದು ಇನ್ನೊಂದಿದೆ. ಸಲ್ಲಬೇಕಾದ ಆದಾಯವನ್ನು ಕುಗ್ಗಿಸುವವನು ರಾಜನ ಸೊತ್ತನ್ನು ತಿನ್ನುವವನೆಂದು ಹೇಳಿದ ಮೇಲೆ ಅವನು ಅಲ್ಲಿಗೇ ನಿಲ್ಲುವುದಿಲ್ಲ. ಆದಾಯವನ್ನು ಇಮ್ಮಡಿಯಾಗಿ ತಂದೊಪ್ಪಿಸುವವನು ಜನಪದವನ್ನೇ ತಿನ್ನುವವನೆಂದು ತೀರ್ಮಾನಿಸುತ್ತಾನೆ. ಹೆಚ್ಚಾಗಿ ತಂದುದನ್ನು ಬೊಕ್ಕಸಕ್ಕೇ ಸೇರಿಸಿದ್ದರೂ ಅಂತಹವನನ್ನು ಅಪರಾಧವು ಅಲ್ಪವಾದರೆ ತಡೆಯಬೇಕು, ಮಹತ್ತಾದರೆ ದಂಡಿಸಬೇಕು. ಅಧಿಕಾರಿಯ ಪೀಡೆಗೆ ಒಳಗಾದವರು ಬಂದು ತಿಳಿಸಬಹುದೆಂದು ನಾಡಿನಲ್ಲಿ ಘೋಷಣೆ ಮಾಡಿಸಬೇಕು. ತಿಳಿಸಿದವರಿಗೆ ಆದ ನಷ್ಟವನ್ನು ತುಂಬಿಸಿಕೊಡಬೇಕು. ಒಂದೊಂದು ಇಲಾಖೆಗೂ ಅನೇಕ ಮುಖ್ಯರಿರಬೇಕು, ಯಾರೂ ಶಾಶ್ವತವಾಗಿ ಇರಕೂಡದು. ಇಲ್ಲಿ ಅಧಿಕಾರಿಯ ಅಪರಾಧವನ್ನು ಅವನ ಲೋಭದಿಂದ ಮಾತ್ರ ಅಳೆದಿಲ್ಲ. ಪ್ರಜೆಗೆ ಆದ ಹಾನಿಯಿಂದ ಅಳೆದಿದೆ. ನಿರ್ಲೋಭಿಯಾದ ಅಧಿಕಾರಿಯೂ ದುಷ್ಟಾಧಿಕಾರಿಯಾಗಬಲ್ಲನೆಂಬ ಈ ವಿವೇಕವು ಮುಂದಿನ ಕಾವ್ಯವಿಚಾರದಲ್ಲಿ ಒರೆಗಲ್ಲಿನಂತೆ ಉಪಯೋಗಕ್ಕೆ ಬರುವುದು.

ಇದೇ ಗ್ರಂಥದ ಐದನೆಯ ಅಧಿಕರಣದಲ್ಲಿ, ಬೊಕ್ಕಸವು ಬರಿದಾದಾಗ ದೇವತೆಗಳ ಹೆಸರಿನಲ್ಲಿ ಅದ್ಭುತಗಳನ್ನು ಕಲ್ಪಿಸಿಯಾದರೂ ಜನರಿಂದ ಹಣವನ್ನು ಸೆಳೆಯುವ ಉಪಾಯಗಳನ್ನು ಆ ಆಚಾರ್ಯನೇ ಬೋಧಿಸಿರುವುದನ್ನೂ ಮರೆಯತಕ್ಕದ್ದಲ್ಲ. ಆಪತ್ಕಾಲದ ಯಾಚನೆಯು ಒಂದೇ ಸಲ, ಎರಡನೆಯ ಸಲವಿಲ್ಲವೆಂದು ಅವನು ಕಟ್ಟು ಹಾಕಿದ್ದಾನೆ. ಆದರೆ ಆಪತ್ತಿನ ಹೆಸರಿನಲ್ಲಿ ಒಮ್ಮೆ ತೆರೆದ ಬಾಗಿಲನ್ನು ಎಲ್ಲ ರಾಜರೂ ಮತ್ತೆ ಮುಚ್ಚಿದರೆಂದು ಇತಿಹಾಸವು ಹೇಳುವುದಿಲ್ಲ.

ಈ ನಲವತ್ತು ಉಪಾಯಗಳು ಕಾವ್ಯಕ್ಕೆ ಇಳಿದ ಒಂದು ಸಂದರ್ಭವು ವಿಶೇಷವಾಗಿ ಸ್ಮರಣೀಯ. ದಂಡಿಯ ದಶಕುಮಾರಚರಿತದ ವಿಶ್ರುತಚರಿತದಲ್ಲಿ ವಿದರ್ಭದ ಅನಂತವರ್ಮನಿಗೆ ವಿಹಾರಭದ್ರನೆಂಬ ವಿಟನು ದಂಡನೀತಿಯ ವ್ಯರ್ಥತೆಯನ್ನು ಉಪದೇಶಿಸುತ್ತ, ಚಾಣಕ್ಯನು ನಲವತ್ತೆಂದು ಎಣಿಸಿದ ಅಪಹಾರೋಪಾಯಗಳನ್ನು ಅಧಿಕಾರಿಗಳು ಸ್ವಬುದ್ಧಿಯಿಂದ ಸಾವಿರವಾಗಿ ಬೆಳೆಯಿಸಬಲ್ಲರೆಂದು ಹಾಸ್ಯಮಾಡುತ್ತಾನೆ. ಮಾತು ಸತ್ಯವೇ, ಹೇಳಿದವನು ಮಾತ್ರ ಧೂರ್ತನು. ಅಧಿಕಾರಿಗಳು ಹೇಗೂ ಕದಿಯುವರಾದ್ದರಿಂದ ರಾಜನು ಲೆಕ್ಕವನ್ನು ಕೇಳುವ ಶ್ರಮವನ್ನೇ ಬಿಟ್ಟು ಸುಖಪಡಲೆಂಬುದು ಅವನ ಸಿದ್ಧಾಂತ. ಅದನ್ನು ನಂಬಿದ ರಾಜನ ರಾಜ್ಯವು ಹಾಳಾಯಿತೆಂದು ಕಥೆಯು ತೋರಿಸುತ್ತದೆ. ಅಧಿಕಾರಿಗಳ ನಿಂದೆಯು ತಾನಾಗಿಯೇ ನ್ಯಾಯಪಕ್ಷಪಾತವಾಗಲಾರದು, ಅದು ರಾಜನ ಆಲಸ್ಯಕ್ಕೂ ಸಮರ್ಥನೆಯಾಗಬಹುದೆಂಬ ಸೂಕ್ಷ್ಮವನ್ನು ದಂಡಿಯು ಕಂಡಿದ್ದನು.

೩

ಶಾಸನಗಳಲ್ಲಿ ಈ ಪೀಡೆಗೆ ಸಾಕ್ಷ್ಯವಿಲ್ಲವೆಂದು ಕೆಲವರು ಭಾವಿಸುವುದುಂಟು. ದಾನಶಾಸನವು ಪ್ರಶಸ್ತಿಯಾದುದರಿಂದ ದೂರನ್ನು ಅದು ಬರೆಯಲಾರದು. ಆದರೆ ದತ್ತಿಗ್ರಾಮಕ್ಕೆ ದೊರೆಯುವ ವಿನಾಯಿತಿಗಳನ್ನು ಗಮನಿಸಿದರೆ ಮೌನವೇ ಮಾತನಾಡುವುದು. ರಾಷ್ಟ್ರಕೂಟರೇ ಮೊದಲಾದವರ ತಾಮ್ರಪಟಗಳಲ್ಲಿ ಚಾಟಭಟರು ಪ್ರವೇಶಿಸಬಾರದೆಂಬ ಷರತ್ತು ಮೇಲಿಂದಮೇಲೆ ಕಂಡುಬರುತ್ತದೆ. ಕನ್ನಡ ಶಾಸನಗಳಲ್ಲಿ ‘ಸರ್ವಬಾಧಾಪರಿಹಾರ’ವೆಂಬ ಮಾತು ಪದೇಪದೇ ಬರುವುದು. ರಾಜಪುರುಷರು ಊರೊಳಗೆ ಕಾಲಿಡದಿರುವುದೇ ಒಂದು ವರವಾಗಿದ್ದಿತೆಂದರೆ, ಆ ವರ ದೊರೆಯದ ನೆರೆಯೂರುಗಳ ಸ್ಥಿತಿಯೇನೆಂಬುದನ್ನು ಊಹಿಸಿಕೊಳ್ಳಬಹುದು. ‘ಬಾಧೆ’ಯೆಂಬ ಶಬ್ದವನ್ನು ಕರಗಳಿಗೆ ಪರ್ಯಾಯವಾಗಿ ಬಳಸಿದವರು ರಾಜನ ಲೇಖಕರೇ ಹೊರತು ರಾಜನ ಶತ್ರುಗಳಲ್ಲ. ವಿನಾವೇತನವಾದ ದುಡಿತಕ್ಕೆ ಸಂಸ್ಕೃತದಲ್ಲಿದ್ದ ‘ವಿಷ್ಟಿ’ಯೆಂಬ ಹೆಸರು ಕನ್ನಡದಲ್ಲಿ ‘ಬಿಟ್ಟಿ’ಯಾಗಿ ಇಂದಿಗೂ ಜನರ ಬಾಯಲ್ಲಿ ನಿಂತಿದೆ.

ಕರ್ಣಾಟಕದಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳ ಹೆಸರುಗಳೂ ಅವುಗಳ ಅಧಿಕಾರಿಗಳ ಹೆಸರುಗಳೂ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೇರಳವಾಗಿವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನು ಸ್ವತಃ ಸುಂಕವಸೂಲಿಯ ಕಾಯಕದವನು. ‘ಬಂಕೇಶ್ವರಲಿಂಗ’ವೆಂಬ ಅಂಕಿತದ ಅವನ ವಚನಗಳಲ್ಲಿ ಸುಂಕದ ಕಟ್ಟೆಯ ಭಾಷೆಯು ಆತ್ಮಪರೀಕ್ಷೆಯ ಭಾಷೆಯಾಗಿ ಪರಿಣಮಿಸಿದೆ. ಅದು ಒಳಮುಖವಾದ ಲೆಕ್ಕ. ಹೊರಗಿನ ಲೆಕ್ಕವನ್ನು, ಎಂದರೆ ಕಛೇರಿಯ ಕ್ರೌರ್ಯವನ್ನು, ಗ್ರಂಥವಿಷಯವಾಗಿ ಎತ್ತಿಕೊಂಡ ಕೀರ್ತಿಯು ಮುಖ್ಯವಾಗಿ ಕಾಶ್ಮೀರಕ್ಕೆ ಸಲ್ಲುವುದು.

೪

ಹನ್ನೊಂದನೆಯ ಶತಮಾನದಲ್ಲಿ ಅನಂತ ಮತ್ತು ಕಲಶ ಎಂಬ ಅರಸರ ಕಾಲದಲ್ಲಿದ್ದ ಕ್ಷೇಮೇಂದ್ರನು ಕಾಯಸ್ಥರನ್ನು ಎರಡು ಕೃತಿಗಳಲ್ಲಿ ವಿಸ್ತಾರವಾಗಿ ಚಿತ್ರಿಸಿರುವನು. ಕಲಾವಿಲಾಸದ ಐದನೆಯ ಸರ್ಗವು ಅವರಿಗೇ ಮೀಸಲು. ಚಂದ್ರನಿಗೆ ಹದಿನಾರು ಕಲೆಗಳಿರುವಂತೆ ಕಾಯಸ್ಥನಿಗೂ ವಂಚನೆಯ ಹದಿನಾರು ಕಲೆಗಳನ್ನು ಅಲ್ಲಿ ಎಣಿಸಿದೆ. ಅಕ್ಷರದ ಒಂದು ಗೆರೆಯನ್ನು ಅಳಿಸಿದ ಮಾತ್ರದಿಂದ ‘ಸಹಿತ’ವನ್ನು ‘ರಹಿತ’ವನ್ನಾಗಿ ಮಾಡುವ ಅವರ ಲಿಪಿಚಾತುರ್ಯವನ್ನು ಹೇಳಿದ ಕವಿಯು ಕಡತಗಳನ್ನು ಹತ್ತಿರದಿಂದ ಕಂಡವನೇ ಆಗಿರಬೇಕು. ೧೯೨೩ರಲ್ಲಿ ಮಧುಸೂದನ ಕೌಲಶಾಸ್ತ್ರಿಗಳಿಂದ ದೇಶೋಪದೇಶದೊಡನೆ ಪ್ರಕಟವಾದ ನರ್ಮಮಾಲೆಯಾದರೋ ಆದ್ಯಂತವೂ ಈ ವಿಷಯದ ಮೇಲೆಯೇ ಹೊರಟ ಕೃತಿ. ಅದರ ಮೂರು ವಿಭಾಗಗಳಿಗೂ ಕವಿಯು ‘ಪರಿಹಾಸ’ವೆಂದೇ ಹೆಸರಿಟ್ಟಿರುವನು.

ನರ್ಮಮಾಲೆಯ ಆರಂಭದಲ್ಲಿ ದೇವತಾಸ್ತುತಿ ಇರಬೇಕಾದ ಸ್ಥಳದಲ್ಲಿ ಕಾಯಸ್ಥನ ಸ್ತುತಿ ಇದೆ. ಕಾಯಸ್ಥನೆಂದರೆ ಕಾಯದಲ್ಲಿ ನೆಲಸಿದವನು, ಅಂದರೆ ಪರಮೇಶ್ವರನು; ಜಗತ್ತನ್ನು ಮಾಯೆಯಿಂದ ಮೋಹಗೊಳಿಸುವ ಶಕ್ತಿಯು ಇಬ್ಬರಿಗೂ ಸಮಾನ. ಈ ಶ್ಲೇಷವು ಬರಿಯ ಶಬ್ದಚಮತ್ಕಾರವಲ್ಲ. ಪ್ರಜೆಗೆ ಅಗೋಚರವಾದ ಸ್ಥಳದಲ್ಲಿ, ಅರ್ಥವಾಗದ ಲಿಪಿಯಲ್ಲಿ, ಪ್ರಶ್ನಿಸಲಾಗದ ವಿಧಿಯನ್ನು ಬರೆಯುವವನು ಅವನ ಪಾಲಿಗೆ ದೈವವೇ ಆಗಿದ್ದನೆಂಬ ಅಭಿಪ್ರಾಯವು ಅದರಲ್ಲಿ ಅಡಗಿದೆ. ಮುಂದೆ ಬರುವ ಉತ್ಪತ್ತಿಕಥೆಯೂ ಹಾಗೆಯೇ ಅರ್ಥವತ್ತಾದುದು: ವಿಷ್ಣುವು ದೈತ್ಯರನ್ನು ಸಂಹರಿಸಿದ ಮೇಲೆ ಉಳಿದ ಅವರ ಲೆಕ್ಕಿಗನು ತಪಸ್ಸುಮಾಡಿ, ಕಲಿಯಿಂದ ಲೇಖನಿಯನ್ನೇ ಆಯುಧವಾಗಿ ಪಡೆದು ಭೂಮಿಗೆ ಬಂದನಂತೆ. ಕತ್ತಿಯಿಂದ ಸೋತ ದೈತ್ಯವರ್ಗವು ಲೇಖನಿಯಿಂದ ಗೆದ್ದಿತೆಂಬುದು ಇದರ ತಾತ್ಪರ್ಯ. ಗೃಹಕೃತ್ಯಾಧಿಪತಿ, ಪರಿಪಾಲಕ, ಗಂಜದಿವಿರ, ನಿಯೋಗಿ, ಗ್ರಾಮದಿವಿರ ಎಂದು ಮೇಲಿನಿಂದ ಕೆಳಗಿನವರೆಗೆ ಅಧಿಕಾರದ ಮೆಟ್ಟಿಲುಗಳನ್ನೆಲ್ಲ ಕವಿಯು ಹೆಸರಿಸಿರುವುದರಿಂದ ಆ ಕಾಲದ ಆಡಳಿತಕ್ಕೆ ಈ ಕೃತಿಯು ಅಮೂಲ್ಯವಾದ ಆಧಾರವಾಗಿದೆ. ‘ದಿವಿರ’ವೆಂಬುದು ಲೇಖಕನೆಂಬರ್ಥದ ಪಾರಸಿಯ ‘ದಬೀರ್’ ಶಬ್ದಕ್ಕೆ ಸಂಬಂಧಿಸಿದುದು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳುವುದು ಅವಶ್ಯಕ. ಆ ಕಾಲದ ಕಾಶ್ಮೀರದಲ್ಲಿ ‘ಕಾಯಸ್ಥ’ವೆಂಬುದು ಅಧಿಕಾರದ ಹೆಸರೇ ಹೊರತು ಒಂದು ಜಾತಿಯ ಹೆಸರಲ್ಲ, ಬ್ರಾಹ್ಮಣರೂ ಕಾಯಸ್ಥರಾಗಿದ್ದುದಕ್ಕೆ ರಾಜತರಂಗಿಣಿಯಲ್ಲಿಯೇ ನಿದರ್ಶನವುಂಟು. ಈ ಪದ್ಯಗಳನ್ನು ಮುಂದಿನ ಕಾಲದ ಒಂದು ಜನಾಂಗದ ಮೇಲೆ ಆರೋಪಿಸುವುದು ಪ್ರಮಾದವೂ ಅನ್ಯಾಯವೂ ಆಗುವುದು.

ಕ್ಷೇಮೇಂದ್ರನ ಸೂಕ್ಷ್ಮದೃಷ್ಟಿಯನ್ನು ಒಪ್ಪಿಕೊಂಡ ಮೇಲೆ ಅವನ ಪರಿಹಾಸದ ಗತಿಯನ್ನು ಪರೀಕ್ಷಿಸತಕ್ಕದ್ದು. ಮೊದಲನೆಯ ಪರಿಹಾಸದಲ್ಲಿ ದೇವಾಲಯಗಳ ಸೊತ್ತಿನ ಅಪಹಾರವೂ ಹಳ್ಳಿಗಳ ಸುಲಿಗೆಯೂ ಪ್ರಧಾನವಾಗಿವೆ. ಹರಕುಬಟ್ಟೆಯ ಬಡವನಾಗಿದ್ದವನು ಅಧಿಕಾರ ಬಂದೊಡನೆ ಹೇಗೆ ಉಬ್ಬುವನೆಂಬುದನ್ನು ಕವಿಯು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾನೆ. ಆದರೆ ಆಮೇಲೆ ಕಥೆಯು ಹಳ್ಳಿಯನ್ನು ಬಿಟ್ಟು ನಿಯೋಗಿಯ ಮನೆಯೊಳಗೆ ಹೊಕ್ಕು ಅಲ್ಲಿಯೇ ನಿಲ್ಲುತ್ತದೆ. ಅವನ ಹೆಂಡತಿಯ ವ್ಯಭಿಚಾರ, ಮೂಢವೈದ್ಯ, ಜೋಯಿಸ, ಕಪಟಗುರು, ಪಾನಗೋಷ್ಠಿ ಇವುಗಳೇ ವಿಸ್ತರಿಸಿಕೊಳ್ಳುತ್ತವೆ. ಸುಲಿಗೆಗೆ ಒಳಗಾದ ಒಕ್ಕಲಿಗನು ಮತ್ತೆ ಕಾಣಿಸಿಕೊಳ್ಳುವುದಿಲ್ಲ. ಅಧಿಕಾರಿಯು ಮಾಡಿದ ಅಪರಾಧವು ಸಾರ್ವಜನಿಕವಾದುದು. ಕವಿಯು ವಿಧಿಸಿದ ಶಿಕ್ಷೆಯಾದರೋ ಗೃಹಚ್ಛಿದ್ರ. ನಗೆಯು ಮುಗಿದ ಮೇಲೆ ಸುಲಿಗೆಯ ಲೆಕ್ಕವು ತೀರದೆ ಉಳಿಯುತ್ತದೆ. ನರ್ಮಮಾಲೆಯನ್ನು ಅಶ್ಲೀಲವೆಂದು ಬದಿಗಿಟ್ಟವರು ಅದರ ಗುಣವನ್ನೂ ಕಾಣಲಿಲ್ಲ, ನಿಜವಾದ ದೋಷವನ್ನೂ ಕಾಣಲಿಲ್ಲ. ಅದರ ದೋಷವಿರುವುದು ನಗೆಯನ್ನು ತಿರುಗಿಸಿದ ದಿಕ್ಕಿನಲ್ಲಿ.

ಎರಡನೆಯ ದೋಷವು ಇನ್ನೂ ಗುರುತರವಾದುದು. ಕಾಯಸ್ಥನನ್ನು ದೈತ್ಯರ ಲೆಕ್ಕಿಗನ ಅವತಾರವೆಂದು ಹೇಳಿದ ಕವಿಯು ಗ್ರಂಥಾದಿಯಲ್ಲಿ ಅನಂತರಾಜನನ್ನು ಪ್ರಶಂಸಿಸಿರುವನು. ಪಾಪಕ್ಕೆ ಕಲಿಯು ಕಾರಣ, ಕಾಯಸ್ಥನು ಕರ್ತೃ. ರಾಜನು ಎರಡಕ್ಕೂ ಹೊರಗಿನವನು. ಲೇಖನಿಯನ್ನು ಕೊಟ್ಟವನು ಕಲಿಯೆಂದು ಬರೆದುದರಿಂದ, ಅಧಿಕಾರಪತ್ರವನ್ನು ಕೊಟ್ಟವನು ಯಾರೆಂಬ ಪ್ರಶ್ನೆಯೇ ಏಳದಂತಾಯಿತು.

೫

ಅದೇ ಅನಂತರಾಜನು ಕಲ್ಹಣನ ಏಳನೆಯ ತರಂಗದಲ್ಲಿ ಹೇಗೆ ಕಾಣುವನೆಂಬುದನ್ನು ಇಲ್ಲಿ ಹೋಲಿಸಿ ನೋಡಬಹುದು. ೧೧೪೮ರಲ್ಲಿ ರಾಜತರಂಗಿಣಿಯನ್ನು ಆರಂಭಿಸಿದ ಕಲ್ಹಣನ ಪ್ರಕಾರ, ಅನಂತನು ಪದ್ಮರಾಜನೆಂಬ ತಾಂಬೂಲದ ವರ್ತಕನಿಗೆ ಸಾಲಗಾರನಾಗಿ ಕಿರೀಟವನ್ನೂ ಸಿಂಹಾಸನವನ್ನೂ ಒತ್ತೆಯಿಟ್ಟಿದ್ದನು. ರಾಣಿಯಾದ ಸೂರ್ಯಮತಿಯು ತನ್ನ ಭಂಡಾರದಿಂದ ಆ ಅವ್ಯವಸ್ಥೆಯನ್ನು ನಿವಾರಿಸಿದಳು. ಕ್ಷೇಮನೆಂಬ ಕ್ಷೌರಿಕನು ಹನ್ನೆರಡನೆಯ ಒಂದು ಪಾಲಿನ ಕರವೇ ಮೊದಲಾದವುಗಳಿಂದ ಬೊಕ್ಕಸವನ್ನು ತುಂಬಿಸಿದನು. ರಾಜನ ಸಾಲಕ್ಕೂ ಪ್ರಜೆಯ ಕರಕ್ಕೂ ಇರುವ ನಂಟು ಈ ಕೆಲವೇ ಶ್ಲೋಕಗಳಲ್ಲಿ ಬೆಳಕಿಗೆ ಬರುತ್ತದೆ. ಕ್ಷೇಮೇಂದ್ರನ ನೃಪಾವಲಿಯು ಕವಿಕರ್ಮವಾದರೂ ಅನವಧಾನದ ದೆಸೆಯಿಂದ ದೋಷರಹಿತವಾದ ಭಾಗವೇ ಅದರಲ್ಲಿಲ್ಲವೆಂದು ಕಲ್ಹಣನು ಆಕ್ಷೇಪಿಸಿರುವುದು ಬೇರೊಂದು ಗ್ರಂಥದ ವಿಷಯವಾದರೂ, ಇಬ್ಬರ ಮನೋಧರ್ಮದ ಅಂತರವನ್ನು ಸೂಚಿಸಲು ಸಾಕು.

ಕರಪೀಡೆಯ ವಿಷಯದಲ್ಲಿ ರಾಜತರಂಗಿಣಿಯ ಅತ್ಯಂತ ಬೆಲೆಯುಳ್ಳ ಭಾಗವು ಐದನೆಯ ತರಂಗದ ಶಂಕರವರ್ಮನ ವೃತ್ತಾಂತ. ಅವನ ತಂದೆಯಾದ ಅವಂತಿವರ್ಮನ ಕಾಲದಲ್ಲಿ ಸುಯ್ಯನೆಂಬ ಮಹಾಶಿಲ್ಪಿಯು ವಿತಸ್ತಾನದಿಯ ನೀರನ್ನು ಕಟ್ಟುಪಡಿಸಿದುದರಿಂದ, ಇನ್ನೂರು ದೀನ್ನಾರಗಳಿದ್ದ ಖಾರಿ ಬತ್ತದ ಬೆಲೆಯು ಮೂವತ್ತಾರಕ್ಕೆ ಇಳಿಯಿತು. ಇಂತಹ ಸುಭಿಕ್ಷದ ಬೆನ್ನಿಗೇ, ೮೮೩ರಿಂದ ೯೦೨ರವರೆಗೆ ಆಳಿದ ಮಗನು ಯುದ್ಧವ್ಯಸನಿಯೂ ಧನಲೋಭಿಯೂ ಆಗಿ ಆ ಸಮೃದ್ಧಿಯನ್ನು ಹೀರಲು ತೊಡಗಿದನು. ಕಲ್ಹಣನು ಇಲ್ಲಿ ಬೈಗಳನ್ನು ಮಾತ್ರ ಬರೆದು ತೃಪ್ತನಾಗುವುದಿಲ್ಲ, ವ್ಯವಸ್ಥೆಯನ್ನು ವಿವರಿಸುತ್ತಾನೆ. ಅಟ್ಟಪತಿಭಾಗ, ಗೃಹಕೃತ್ಯ ಎಂಬ ಎರಡು ಹೊಸ ಕರಣಗಳು ಸ್ಥಾಪಿತವಾದವು. ದೇವಾಲಯಗಳಲ್ಲಿ ಧೂಪಚಂದನತೈಲಾದಿಗಳ ವಿಕ್ರಯದಿಂದ ಬರುವ ಲಾಭವು ರಾಜನ ಪಾಲಾಯಿತು. ದೇವರ ಹಳ್ಳಿಗಳನ್ನು ಕಿತ್ತುಕೊಂಡು ಕೊಟ್ಟ ಪರಿಹಾರದಲ್ಲಿಯೂ ತೂಕವನ್ನು ಮೂರನೆಯ ಒಂದು ಪಾಲು ಕುಗ್ಗಿಸಲಾಯಿತು. ಗ್ರಾಮಕಾಯಸ್ಥರೇ ಮೊದಲಾದವರ ಸಂಬಳದ ಭಾರವೂ ಹಳ್ಳಿಗರ ತಲೆಯ ಮೇಲೆಯೇ ಬಿದ್ದಿತು.

ಇವೆಲ್ಲಕ್ಕಿಂತ ಭಯಂಕರವಾದುದು ಹೇರುಹೊರುವ ಬಿಟ್ಟಿಯು. ಹದಿಮೂರು ಬಗೆಯ ಈ ಭಾರವಹನವನ್ನು ಹಳ್ಳಿಗಳ ದುರ್ಗತಿಗೆ ಮುಂಗಾಣಿಕೆಯೆಂದು ಕಲ್ಹಣನು ಗುರುತಿಸುತ್ತಾನೆ. ಹೊರಲು ಬಾರದಿದ್ದವರಿಂದ ಹೊರೆಯ ಮೌಲ್ಯವನ್ನೇ, ಅದೂ ಪ್ರದೇಶದ ಹೆಚ್ಚಿನ ಬೆಲೆಯ ಲೆಕ್ಕದಲ್ಲಿ, ದಂಡವಾಗಿ ವಸೂಲುಮಾಡಿದರು. ಮರುವರ್ಷ ಅದೇ ಮೊತ್ತವನ್ನು ತಪ್ಪುಮಾಡದ ಹಳ್ಳಿಗರಿಂದಲೂ ತೆಗೆದುಕೊಂಡರು. ಒಂದು ವರ್ಷದ ದಂಡವು ಮರುವರ್ಷ ಕರವಾಗಿ ನಿಂತ ಈ ಕ್ರಮವನ್ನು ಕಲ್ಹಣನು ಎರಡುಮೂರು ಶ್ಲೋಕಗಳಲ್ಲಿ ಯಾವ ಅಲಂಕಾರವೂ ಇಲ್ಲದೆ ಹೇಳಿ ಮುಗಿಸಿದ್ದಾನೆ. ಅಪರಾಧವು ಹೋದರೂ ಅದರ ಬೆಲೆ ಹೋಗುವುದಿಲ್ಲವೆಂಬ ಈ ಆಡಳಿತರಹಸ್ಯವನ್ನು ಹಿಡಿಯಲು ಕ್ಷೇಮೇಂದ್ರನ ದೈತ್ಯಕಥೆಗೆ ಸಾಧ್ಯವಾಗಲಿಲ್ಲ. ಶಂಕರವರ್ಮನ ವ್ಯವಸ್ಥೆಯಲ್ಲಿ ಅಧಿಕಾರಿಯು ರಾಜನನ್ನು ವಂಚಿಸಬೇಕಾದ ಅವಶ್ಯಕತೆಯೇ ಇಲ್ಲ. ರಾಜನ ಆಜ್ಞೆಯನ್ನು ಚಾಚೂತಪ್ಪದೆ ನಡಸಿದರೆ ಸಾಕು, ಜನಪದವು ಹಾಳಾಗುವುದು. ಇಮ್ಮಡಿ ತರುವವನು ನಾಡನ್ನು ತಿನ್ನುವನೆಂಬ ಕೌಟಿಲ್ಯಸೂತ್ರಕ್ಕೆ ಇದಕ್ಕಿಂತ ಸ್ಫುಟವಾದ ಭಾಷ್ಯವು ದೊರೆಯಲಾರದು. ಭಲ್ಲಟನಂತಹ ಕವಿಗಳು ಜೀವನೋಪಾಯವಿಲ್ಲದೆ ಕಷ್ಟಪಡುತ್ತಿದ್ದ ಆ ಆಳ್ವಿಕೆಯಲ್ಲಿ ಲವಟನೆಂಬ ಹೊರೆಯಾಳಿಗೆ ಎರಡು ಸಾವಿರ ದೀನ್ನಾರಗಳ ವೇತನವಿದ್ದಿತೆಂಬುದನ್ನೂ ಕಲ್ಹಣನು ಮರೆಯದೆ ದಾಖಲೆಮಾಡಿದ್ದಾನೆ.

ಈ ವೃತ್ತಾಂತದ ಹೃದಯವು ರಾಜಪುತ್ರ ಗೋಪಾಲವರ್ಮನ ಪ್ರಾರ್ಥನೆಯಲ್ಲಿದೆ. ಪ್ರಜೆಗಳ ದುಃಖವನ್ನು ನೋಡಲಾರದೆ ಅವನು ತಂದೆಯನ್ನು ಬೇಡಿಕೊಂಡನು. ಶಂಕರವರ್ಮನು ಕೋಪಿಸಿಕೊಳ್ಳಲಿಲ್ಲ, ನಕ್ಕನು. ಬಾಲ್ಯದಲ್ಲಿ ತನಗೂ ಇಂತಹ ದಯೆಯಿದ್ದಿತೆಂದೂ, ಪರರ ಕಷ್ಟವು ತಿಳಿಯಲೆಂದು ತನ್ನ ತಂದೆಯು ತನ್ನನ್ನು ಬಿಸಿಲುಚಳಿಗಳಲ್ಲಿ ಬರಿಗಾಲಿನಿಂದ ನಡೆಯಿಸಿದನೆಂದೂ, ಆದರೂ ರಾಜ್ಯವು ಕೈಸೇರಿದಾಗ ಅದೆಲ್ಲವೂ ಮರೆತುಹೋಯಿತೆಂದೂ ಹೇಳಿದನು. ಹುಟ್ಟಿದ ಜೀವಿಯು ಗರ್ಭವಾಸದ ಕ್ಲೇಶವನ್ನು ಮರೆಯುವಂತೆ ಪಟ್ಟವೇರಿದವನು ಹಿಂದಿನ ಸಂಕಲ್ಪಗಳನ್ನು ಮರೆಯುವನೆಂಬುದು ಅವನ ದೃಷ್ಟಾಂತ. ಕಡೆಗೆ ಅವನು ಮಗನಿಂದ ಒಂದೇ ವರವನ್ನು ಕೇಳಿಕೊಂಡನು: ರಾಜನಾದ ಮೇಲೆ ತನಗಿಂತಲೂ ಹೆಚ್ಚಾಗಿ ಪ್ರಜೆಗಳನ್ನು ಪೀಡಿಸದಿರಲಿ ಎಂದು. ಕ್ಷೇಮೇಂದ್ರನಲ್ಲಿ ಓದುವವನು ನಗುತ್ತಾನೆ, ಪೀಡಕನು ನಗೆಗೀಡಾಗುತ್ತಾನೆ. ಇಲ್ಲಿ ನಗುವವನು ಪೀಡಕನೇ, ಓದುವವನು ಸ್ತಬ್ಧನಾಗುತ್ತಾನೆ. ದುಷ್ಟನಿಗೆ ತಾನು ಮಾಡುವುದೇನೆಂಬ ಅರಿವು ಪೂರ್ಣವಾಗಿಯೇ ಇದ್ದು, ಅರಿವಿನಿಂದ ಏನೂ ಪ್ರಯೋಜನವಾಗದ ಈ ಸಂದರ್ಭವು ಸಂಸ್ಕೃತಸಾಹಿತ್ಯದಲ್ಲಿಯೇ ವಿರಳವಾದುದು.

ಹರ್ಷರಾಜನ (೧೦೮೯–೧೧೦೧) ಚರಿತೆಯಲ್ಲಿಯೂ ಕಲ್ಹಣನು ಇದೇ ನಿಷ್ಠುರತೆಯನ್ನು ತೋರಿದ್ದಾನೆ. ದೇವಪ್ರತಿಮೆಗಳನ್ನು ಕೀಳಿಸಲು ಉದಯರಾಜನೆಂಬ ‘ದೇವೋತ್ಪಾಟನನಾಯಕ’ನು ನೇಮಿತನಾದುದನ್ನೂ, ಹಣಕ್ಕಾಗಿ ಮಲಕ್ಕೂ ಒಬ್ಬ ನಾಯಕನು ಹುಟ್ಟಿಕೊಂಡುದನ್ನೂ, ೧೦೯೯ರ ಪ್ರವಾಹ ಮತ್ತು ಕ್ಷಾಮದ ನಡುವೆಯೂ ಕಾಯಸ್ಥರ ಮೂಲಕ ದಂಡಗಳು ನಿಲ್ಲದಿದ್ದುದನ್ನೂ ಅವನು ಬರೆದನು. ಆ ರಾಜನ ಸೇವೆಯಲ್ಲಿದ್ದ ಮಂತ್ರಿಗಳಲ್ಲಿ ಕಲ್ಹಣನ ತಂದೆಯಾದ ಚಂಪಕನೂ ಒಬ್ಬನೆಂಬುದನ್ನು ನೆನೆದರೆ, ಈ ಬರವಣಿಗೆಯ ಧೈರ್ಯವು ಇನ್ನಷ್ಟು ಚೆನ್ನಾಗಿ ತಿಳಿಯುವುದು.

೬

ರಾಗದ್ವೇಷಗಳನ್ನು ಬಿಟ್ಟು ನ್ಯಾಯಾಧಿಪತಿಯಂತೆ ನಡೆದುದನ್ನು ಹೇಳುವವನೇ ಶ್ಲಾಘ್ಯನೆಂದು ಕಲ್ಹಣನು ತನ್ನ ಗ್ರಂಥದ ಆದಿಯಲ್ಲಿ ಪ್ರತಿಜ್ಞೆಮಾಡಿರುವನು. ಆ ಪ್ರತಿಜ್ಞೆಯಿಂದಲೇ ಅವನನ್ನು ಅಳೆದರೆ ಮೂರು ಸ್ಥಳಗಳಲ್ಲಿ ಅವನೂ ಎಡವಿರುವುದು ಕಂಡುಬರುತ್ತದೆ. ಶಂಕರವರ್ಮನ ಅಪಭ್ರಂಶಭಾಷಣವನ್ನು ಹಿಡಿದು ಮದ್ಯವಿಕ್ರಯಿಗಳ ಕುಲದಲ್ಲಿ ಹುಟ್ಟಿದವನೆಂದು ಜರೆಯುವುದು ಒಂದು. ಪೀಡೆಯು ಆಜ್ಞೆಯಿಂದ ಬಂದುದು, ಕುಲದಿಂದ ಬಂದುದಲ್ಲವೆಂಬುದನ್ನು ಅವನ ವಿವರಣೆಯೇ ಸಾಧಿಸಿದ ಮೇಲೆ ಈ ನಿಂದೆಯು ಅನಾವಶ್ಯಕ. ಎರಡನೆಯದು ಉಚ್ಚಲರಾಜನ (೧೧೦೧–೧೧೧೧) ಪ್ರಸಂಗ. ಆ ಅರಸನು ಕಾಯಸ್ಥರನ್ನು ಬೀದಿಯಲ್ಲಿ ವಿಕಾರವಾಗಿ ಅವಮಾನಪಡಿಸಿದುದನ್ನು ಕಲ್ಹಣನು ಬಹು ಸಂತೋಷದಿಂದ ವರ್ಣಿಸುತ್ತಾನೆ. ತಪ್ಪಿತಸ್ಥನನ್ನು ವಿಚಾರಿಸಿ ನಷ್ಟವನ್ನು ತುಂಬಿಸಿಕೊಡುವುದು ಕೌಟಿಲ್ಯನ ಮಾರ್ಗ; ವೇಷಹಾಕಿಸಿ ಮೆರೆಯಿಸುವುದು ನರ್ಮಮಾಲೆಯ ಮಾರ್ಗ. ಎಂಟನೆಯ ತರಂಗದಲ್ಲಿ ಕಲ್ಹಣನು ಕ್ಷೇಮೇಂದ್ರನ ಶಿಷ್ಯನಾದಂತೆ ತೋರುವನು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ನಾಲ್ಕನೆಯ ತರಂಗದಲ್ಲಿ ದಿಗ್ವಿಜಯಿಯಾದ ಲಲಿತಾದಿತ್ಯನು ತನ್ನ ನಾಡಿನವರಿಗೆ ಕಳುಹಿಸಿದ ರಾಜನೀತಿಯ ಉಪದೇಶದಲ್ಲಿ, ಹಳ್ಳಿಗರ ಬಳಿ ಒಂದು ವರ್ಷಕ್ಕೆ ಸಾಲುವುದಕ್ಕಿಂತ ಹೆಚ್ಚು ಧಾನ್ಯವಾಗಲಿ ಉಳುಮೆಗೆ ಬೇಕಾದುದಕ್ಕಿಂತ ಹೆಚ್ಚು ಎತ್ತುಗಳಾಗಲಿ ಉಳಿಯಗೊಡಬಾರದು, ಉಳಿದರೆ ಅವರು ಡಾಮರರಾಗಿ ರಾಜಾಜ್ಞೆಯನ್ನು ಮೀರುವರೆಂಬ ವಿಧಿಯಿದೆ. ಶಂಕರವರ್ಮನು ಮಾಡಿದ ಕಾರ್ಯಕ್ಕೂ ಲಲಿತಾದಿತ್ಯನು ಉಪದೇಶಿಸಿದ ನೀತಿಗೂ ಹಳ್ಳಿಗನ ಕಣಜದ ಮಟ್ಟಿಗೆ ಏನು ಭೇದ? ಒಬ್ಬನನ್ನು ಲೋಭಿಯೆಂದು ತೆಗಳಿದ ಕವಿಯು ಇನ್ನೊಬ್ಬನನ್ನು ನೀತಿಜ್ಞನೆಂದು ಮನ್ನಿಸಿ ಮುಂದೆ ಸಾಗುತ್ತಾನೆ. ಡಾಮರರ ದಂಗೆಗಳಿಂದ ನಾಡು ನೊಂದುದನ್ನು ಕಣ್ಣಾರೆ ಕಂಡ ಕಲ್ಹಣನಿಗೆ ಆ ಭಯವು ಸಹಜವಾದುದೆಂಬ ಸಮಾಧಾನವನ್ನು ಹೇಳಬಹುದು. ಆದರೂ ಭಯವು ಕಾರಣವಾಗಬಲ್ಲುದೇ ಹೊರತು ನ್ಯಾಯವಾಗಲಾರದು. ಶಂಕರವರ್ಮನ ಪೀಡೆಯು ಮೊದಲು ತಟ್ಟಿದುದು ದೇವಬ್ರಾಹ್ಮಣರ ಸೊತ್ತಿಗೆ. ಲಲಿತಾದಿತ್ಯನ ನೀತಿಯು ತಟ್ಟುವುದು ಕೇವಲ ಒಕ್ಕಲಿಗನನ್ನು. ನ್ಯಾಯಾಧಿಪತಿಯ ತಕ್ಕಡಿಯು ಇಲ್ಲಿ ಸ್ವಲ್ಪ ಓರೆಯಾಯಿತೆಂದು ಹೇಳದೆ ವಿಧಿಯಿಲ್ಲ. ಹೇರುಹೊರುವವರ ಪ್ರಸಂಗದಲ್ಲಿ ಅವನ ಕರುಣೆಯು ಈ ಮೇರೆಯನ್ನು ದಾಟಿತೆಂಬುದೇ ಆ ಪ್ರಸಂಗದ ಹಿರಿಮೆ.

ಕಾಶ್ಮೀರದಲ್ಲಿ ಹರ್ಷನು ಆಳುತ್ತಿದ್ದ ಕಾಲದಲ್ಲಿಯೇ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು (೧೦೭೬–೧೧೨೬) ಆಳುತ್ತಿದ್ದನು. ಕಾಶ್ಮೀರದಿಂದ ಹೊರಟ ಬಿಲ್ಹಣನು ಆ ಕರ್ಣಾಟರಾಜನಲ್ಲಿ ವಿದ್ಯಾಪತಿಪದವಿಯನ್ನು ಪಡೆದುದನ್ನು ಕಲ್ಹಣನೇ ಹೇಳುತ್ತಾನೆ. ಅದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾವ್ಯಾಖ್ಯಾನವನ್ನು ಬರೆದನು. ಮೋಸಗಾರರಿಂದಲೂ ಕಳ್ಳರಿಂದಲೂ ಪ್ರಜೆಗಳನ್ನು ಕಾಯಬೇಕು, ಕಾಯಸ್ಥರಿಂದಂತೂ ವಿಶೇಷವಾಗಿ ಕಾಯಬೇಕೆಂಬ ಸ್ಮೃತಿವಚನವನ್ನು ವ್ಯಾಖ್ಯಾನಿಸುತ್ತ ಅವನು ಕಾಯಸ್ಥರೆಂದರೆ ಲೇಖಕರು ಮತ್ತು ಗಣಕರೆಂದು ಅರ್ಥಹೇಳಿ, ‘ವಿಶೇಷವಾಗಿ’ ಎಂಬುದಕ್ಕೆ ಕಾರಣವನ್ನೂ ಕೊಡುತ್ತಾನೆ: ಅವರು ರಾಜವಲ್ಲಭರೂ ಅತಿಮಾಯಾವಿಗಳೂ ಆದುದರಿಂದ ಅವರನ್ನು ತಡೆಯುವುದು ಕಷ್ಟ. ಮಾಯಾವಿತ್ವವು ಕ್ಷೇಮೇಂದ್ರನೂ ಕಂಡ ಗುಣ. ರಾಜವಲ್ಲಭತ್ವವೆಂಬುದು ಕ್ಷೇಮೇಂದ್ರನು ಕಾಣದೆ ಬಿಟ್ಟ, ಕಲ್ಹಣನು ಕಥೆಯಾಗಿ ಬಿಡಿಸಿದ ಹೇತು. ವಿಜ್ಞಾನೇಶ್ವರನು ಇದನ್ನು ಮೊದಲು ಹೇಳಿರುವುದೂ ಗಮನಾರ್ಹ. ಕಳ್ಳನನ್ನು ರಾಜನಲ್ಲಿಗೆ ಎಳೆದೊಯ್ಯಬಹುದು. ರಾಜನಿಗೆ ಪ್ರಿಯನಾದವನನ್ನು ಎಲ್ಲಿಗೆ ಎಳೆದೊಯ್ಯುವುದು? ರಕ್ಷಣೆಯಿಲ್ಲದೆ ಪ್ರಜೆಗಳು ಮಾಡುವ ಪಾಪದಲ್ಲಿ ಅರ್ಧವು ರಾಜನಿಗೆ ಸೇರುವುದೆಂದು ಇದರ ಮುಂದಿನ ಸ್ಮೃತಿಶ್ಲೋಕವು ವಿಧಿಸುತ್ತದೆ. ಅದಕ್ಕೆ ಅಲ್ಲಿ ಕೊಟ್ಟ ಕಾರಣವು ಒಂದೇ: ಅವನು ಕರವನ್ನು ತೆಗೆದುಕೊಳ್ಳುತ್ತಾನೆ. ಹೀಗೆ ಸ್ಮೃತಿಯು ಹೊಣೆಯನ್ನು ಕೈಯಿಂದ ಕೈಯೊಡೆಯನಿಗೆ ಸಾಗಿಸಿತು.

ಆದುದರಿಂದ ಕ್ಷೇಮೇಂದ್ರನು ಕಛೇರಿಯ ಒಳಗನ್ನು ತೋರಿಸಿದ ಅಸಾಧಾರಣನಾದ ಚಿತ್ರಕಾರನೆಂದೂ, ಕಲ್ಹಣನು ಅನೇಕ ಸ್ಖಲನಗಳ ನಡುವೆಯೂ ಪೀಡೆಯ ಮೂಲವನ್ನು ಅರಮನೆಯವರೆಗೆ ಹಿಂಬಾಲಿಸಿದ ವಿಚಾರಕನೆಂದೂ ನಿರ್ಣಯಿಸುವುದು ಯುಕ್ತವಾಗಿದೆ. ರಘುವಂಶದ ದಿಲೀಪವರ್ಣನೆಯನ್ನು ಬೋಧಿಸುವ ಅಧ್ಯಾಪಕರು ರಾಜತರಂಗಿಣಿಯ ಐದನೆಯ ತರಂಗದ ಭಾರವಾಹಕರ ಪ್ರಸಂಗವನ್ನೂ ಅದರ ಜೊತೆಯಲ್ಲಿ ವಿದ್ಯಾರ್ಥಿಗಳಿಗೆ ಓದಿಸಿದರೆ ಉಪಕಾರವಾಗುವುದು. ಮೊದಲನೆಯದು ಕರವನ್ನು ತೆಗೆದುಕೊಳ್ಳುವವನು ಹೇಗಿರಬೇಕೆಂಬುದನ್ನು ಹೇಳುತ್ತದೆ; ಎರಡನೆಯದರಿಂದ ಅದನ್ನು ಕೊಡುವವನ ಬೆನ್ನಿನ ಮೇಲಿದ್ದ ಹೊರೆಯ ತೂಕವು ಗೊತ್ತಾಗುತ್ತದೆ.